ಪಿಷ್ಟವನ್ನು ಮುಟ್ಟದೆ ಆಲೂಗಡ್ಡೆಯನ್ನು ಕರಗಿಸುವುದು ಹೇಗೆ? ಮೃದು ಕೊಳೆಯ ಹಿಂದಿನ ಕಿಣ್ವಗಳು

ಮೃದು ಕೊಳೆ ಹತ್ತಿದ ಆಲೂಗಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಒಳಗೊಂದು ಗಡಿ ಕಾಣುತ್ತದೆ. ಒಂದು ಬದಿಗೆ ಗಟ್ಟಿ ತಿರುಳು, ಇನ್ನೊಂದು ಬದಿಗೆ ಕೆನೆಬಣ್ಣದ ಲೋಳೆ, ನಡುವೆ ಕಂದು ಅಥವಾ ಕಪ್ಪು ಗೆರೆ. ನೀರಿನ ಧಾರೆ ಹಿಡಿದರೆ ಲೋಳೆ ಮಾತ್ರ ತೊಳೆದುಹೋಗಿ, ಚಮಚದಲ್ಲಿ ಕೆರೆದಂಥ ಗುಳಿ ಉಳಿಯುತ್ತದೆ. ಆ ಲೋಳೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಅಯೊಡಿನ್ ಹಾಕಿ ಸೂಕ್ಷ್ಮದರ್ಶಕದಡಿ ನೋಡಿ. ಪಿಷ್ಟದ ಕಣಗಳು ನೀಲಿಗಟ್ಟಿ, ಬಹುಪಾಲು ಇದ್ದ ಹಾಗೇ ಇರುತ್ತವೆ. ಗಡ್ಡೆಯ ಒಣತೂಕದಲ್ಲಿ ದೊಡ್ಡ ಪಾಲು ಪಿಷ್ಟದ್ದೇ. ಅದನ್ನು ಬಿಟ್ಟು ಬ್ಯಾಕ್ಟೀರಿಯಾ ಕರಗಿಸಿದ್ದು ಇನ್ನೇನನ್ನೋ.

ಕರಗಿಸಿದ್ದು ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನು, ಅಂದರೆ ಪೆಕ್ಟಿನ್ನನ್ನು. ತೂಕದ ಲೆಕ್ಕದಲ್ಲಿ ಅದು ಅತ್ಯಲ್ಪ. ಆದರೆ ಅದು ಹೋದರೆ ಗಡ್ಡೆಗೆ ಆಕಾರವೇ ಇರುವುದಿಲ್ಲ. ಅಷ್ಟು ಕಡಿಮೆ ವಸ್ತುವಿನ ಮೇಲೆ ಅಷ್ಟು ನಿಖರವಾಗಿ ಕೈಯಿಡುವ ಕಿಣ್ವಗಳು ಯಾವುವು, ಅವು ಯಾವಾಗ ಸುರಿಯಲು ಶುರುವಾಗುತ್ತವೆ ಎಂಬುದೇ ಈ ರೋಗದ ಅರ್ಧ ಕಥೆ. ಉಳಿದರ್ಧ, ಆ ಸುರಿಯುವಿಕೆಯನ್ನು ನಾವೇ ಗೊತ್ತಿಲ್ಲದೆ ಹೇಗೆ ಪ್ರಚೋದಿಸುತ್ತೇವೆ ಎಂಬುದು.

ಯಾರು ಇವರು

ಮುಖ್ಯವಾಗಿ ಎರಡು ಕುಲಗಳು: ಪೆಕ್ಟೊಬ್ಯಾಕ್ಟೀರಿಯಂ ಮತ್ತು ಡಿಕೆಯಾ. ಹಳೆಯ ಪುಸ್ತಕಗಳಲ್ಲಿ ಇವೆರಡೂ ಎರ್ವಿನಿಯಾ ಎಂಬ ಒಂದೇ ಹೆಸರಿನಡಿ ಸಿಗುತ್ತವೆ; ಎರ್ವಿನಿಯಾ ಕ್ಯಾರೊಟೊವೊರಾ ಎಂದು ಓದಿದವರು ಅದನ್ನು ಈಗ ಪೆಕ್ಟೊಬ್ಯಾಕ್ಟೀರಿಯಂ ಎಂದೂ, ಎರ್ವಿನಿಯಾ ಕ್ರೈಸಾಂಥೆಮಿಯನ್ನು ಡಿಕೆಯಾ ಎಂದೂ ತಿದ್ದಿಕೊಂಡರೆ ಸಾಕು. ಡಿಕೆಯಾ ಕುಲ ಬೇರೆಯಾದದ್ದು 2005ರಲ್ಲಿ. ಹೆಸರಿನ ‘ಕ್ಯಾರೊಟೊವೊರಾ’ ಭಾಗ ಕ್ಯಾರೆಟ್‌ನಿಂದ ಬಂದದ್ದು: 1901ರಲ್ಲಿ ಅಮೆರಿಕದ ಸಸ್ಯರೋಗ ವಿಜ್ಞಾನಿ ಎಲ್. ಆರ್. ಜೋನ್ಸ್ ಈ ಬ್ಯಾಕ್ಟೀರಿಯಾವನ್ನು ಮೊದಲು ವರ್ಣಿಸಿದ್ದು ಕೊಳೆತ ಕ್ಯಾರೆಟ್‌ನಿಂದ ತೆಗೆದು. ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ ದ್ರವವೂ ಅಂಗಾಂಶವನ್ನು ಮೆದುವಾಗಿಸುತ್ತದೆ, ಕಾಯಿಸಿದರೆ ಆ ಶಕ್ತಿ ಹೋಗುತ್ತದೆ ಎಂದು ತೋರಿಸಿದವರೂ ಅವರೇ. ಕೊಳೆ ಕಿಣ್ವದ ಕೆಲಸ ಎಂಬ ತಿಳಿವಳಿಕೆಗೆ ಹೀಗೆ ನೂರು ವರ್ಷ ದಾಟಿದೆ.

ಆಲೂಗಡ್ಡೆಯಲ್ಲಿ ಇವು ಎರಡು ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಹೊಲದಲ್ಲಿ ಬಿತ್ತನೆ ಗಡ್ಡೆಯಿಂದ ಮೇಲೇರಿ ಕಾಂಡದ ಬುಡ ಕಪ್ಪಾಗಿ ಕೊಳೆಯುವುದು ಕಪ್ಪುಕಾಲು ರೋಗ. ಗಡ್ಡೆಯೇ ಕರಗುವುದು ಮೃದು ಕೊಳೆ. ಪೆಕ್ಟೊಬ್ಯಾಕ್ಟೀರಿಯಂ ಅಟ್ರೊಸೆಪ್ಟಿಕಂ ತಂಪು ಹವೆಯದ್ದು, 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ಹಾವಳಿ ಮಾಡುತ್ತದೆ. ಡಿಕೆಯಾ ಜಾತಿಗಳಿಗೆ ಸೆಕೆಯೇ ಇಷ್ಟ. ಯಾವುದೇ ಜಾತಿಯಾದರೂ ಆಯುಧ ಮಾತ್ರ ಹೆಚ್ಚುಕಡಿಮೆ ಒಂದೇ.

ಮುರಿಯಬೇಕಾದ ಗೋಡೆ

ಸಸ್ಯಕೋಶದ ಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಗಳಿವೆ, ಅವನ್ನು ಹೆಣೆಯುವ ಹೆಮಿಸೆಲ್ಯುಲೋಸ್ ಇದೆ, ಇವೆರಡರ ಸಂದಿಯನ್ನು ತುಂಬುವ ಪೆಕ್ಟಿನ್ ಇದೆ. ಎರಡು ಕೋಶಗಳ ನಡುವಿನ ಮಧ್ಯಪದರವಂತೂ ಬಹುತೇಕ ಪೆಕ್ಟಿನ್ನೇ. ಪೆಕ್ಟಿನ್‌ನ ಮುಖ್ಯ ಭಾಗ ಗ್ಯಾಲಕ್ಟ್ಯುರೊನಿಕ್ ಆಮ್ಲದ ಉದ್ದ ಸರಪಳಿ. ಕೊಂಡಿಗಳು ಒಂದರ ಹಿಂದೊಂದು ಆಲ್ಫಾ-1,4 ಬಂಧದಿಂದ ಜೋಡಿಕೊಂಡಿರುತ್ತವೆ. ಪ್ರತಿ ಕೊಂಡಿಯಲ್ಲೂ ಒಂದು ಆಮ್ಲದ ಗುಂಪು. ಕೆಲವು ಗುಂಪುಗಳ ಮೇಲೆ ಮೀಥೈಲ್ ಟೋಪಿ ಕೂತಿರುತ್ತದೆ, ಉಳಿದವು ಬರಿದಾಗಿದ್ದು ಋಣ ಆವೇಶ ಹೊತ್ತಿರುತ್ತವೆ.

ಬರಿದಾದ ಕೊಂಡಿಗಳು ಸಾಲಾಗಿ ಇರುವ ಕಡೆ ಇನ್ನೊಂದು ಸರಪಳಿ ಎದುರುಬದುರಾಗಿ ಬಂದರೆ, ನಡುವಿನ ಕುಳಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಕೂತು ಎರಡನ್ನೂ ಕಟ್ಟಿಹಾಕುತ್ತವೆ. ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಜೋಡಿಸಿಟ್ಟ ಹಾಗೆ ಕಾಣುವುದರಿಂದ ಇದಕ್ಕೆ ಮೊಟ್ಟೆತಟ್ಟೆ ಮಾದರಿ ಎಂದೇ ಹೆಸರು. ಗಡ್ಡೆ ಕಚ್ಚಿದಾಗ ಕರಕರ ಎನ್ನುವುದಕ್ಕೆ ಕೋಶದೊಳಗಿನ ನೀರಿನ ಒತ್ತಡ ಎಷ್ಟು ಕಾರಣವೋ, ಈ ಕ್ಯಾಲ್ಸಿಯಂ ಸೇತುವೆಗಳೂ ಅಷ್ಟೇ ಕಾರಣ. ಕ್ಯಾಲ್ಸಿಯಂ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಎರಡೂ ಪಕ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಕತ್ತರಿಗಳ ಕಂತೆ

ಪೆಕ್ಟಿನ್ ಒಡೆಯುವ ಕೆಲಸದಲ್ಲಿ ಪ್ರಧಾನ ಪಾತ್ರ ಪೆಕ್ಟೇಟ್ ಲಯೇಸ್‌ಗಳದ್ದು (ಪೆಕ್ಟೇಟ್ ಅಂದರೆ ಮೀಥೈಲ್ ಟೋಪಿ ಇಲ್ಲದ ಪೆಕ್ಟಿನ್). ಇವು ಸರಪಳಿಯನ್ನು ತುಂಡರಿಸುವ ರೀತಿ ವಿಶಿಷ್ಟ. ಸಾಮಾನ್ಯವಾಗಿ ಸಕ್ಕರೆ ಸರಪಳಿ ಒಡೆಯುವ ಕಿಣ್ವಗಳು ಬಂಧದ ಜಾಗಕ್ಕೆ ಒಂದು ನೀರಿನ ಅಣುವನ್ನು ತೂರಿಸುತ್ತವೆ. ಲಯೇಸ್‌ಗೆ ನೀರು ಬೇಡ. ಕಿಣ್ವದ ಸಂದಿಯಲ್ಲಿ ಕೂತ ಕ್ಯಾಲ್ಸಿಯಂ, ಸರಪಳಿಯ ಋಣ ಆವೇಶವನ್ನು ಹಿಡಿದು ನಿಲ್ಲಿಸುತ್ತದೆ; ಕಿಣ್ವದಲ್ಲಿರುವ ಅರ್ಜಿನಿನ್ ಎಂಬ ಒಂದು ಅಮೈನೊ ಆಮ್ಲ, ಕೊಂಡಿಯ ಐದನೇ ಕಾರ್ಬನ್‌ನಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ; ಎಲೆಕ್ಟ್ರಾನುಗಳು ಸರಿದು ನಾಲ್ಕನೇ ಕಾರ್ಬನ್ ಕಡೆಯ ಬಂಧ ಕಳಚಿಕೊಳ್ಳುತ್ತದೆ. ತುಂಡಾದ ತುದಿಯಲ್ಲಿ ನಾಲ್ಕು ಮತ್ತು ಐದನೇ ಕಾರ್ಬನ್‌ಗಳ ನಡುವೆ ದ್ವಿಬಂಧ ಉಳಿಯುತ್ತದೆ. ಈ ದ್ವಿಬಂಧ 230 ನ್ಯಾನೊಮೀಟರ್ ಆಸುಪಾಸಿನ ಅತಿನೇರಳೆ ಬೆಳಕನ್ನು ಹೀರುತ್ತದೆ. ಪ್ರಯೋಗಾಲಯದಲ್ಲಿ ಅಳತೆ ಸುಲಭವಾದದ್ದು ಈ ಒಂದು ಗುಣದಿಂದ.

ಡಿಕೆಯಾ ಡಾಡಾಂಟಿಯಲ್ಲಿ ಇಂಥ ಪ್ರಮುಖ ಲಯೇಸ್‌ಗಳು ಐದು, ಎ ಇಂದ ಇ ವರೆಗೆ. ಇವುಗಳ ವಂಶವಾಹಿಗಳು ಎರಡು ಗುಂಪುಗಳಲ್ಲಿವೆ: ಬಿ ಮತ್ತು ಸಿ ಒಂದೆಡೆ, ಎ, ಡಿ, ಇ ಇನ್ನೊಂದೆಡೆ. ಅಂಗಾಂಶ ಕರಗಿಸುವುದರಲ್ಲಿ ಇ ಮುಂದು, ಎ ತೀರಾ ಹಿಂದು. ಐದೂ ಒಂದೇ ಬಂಧವನ್ನು ಒಡೆಯುವಾಗ ಇಷ್ಟೊಂದು ಏಕೆ? ಪ್ರಯೋಗಕ್ಕಾಗಿ ಪ್ರಮುಖ ವಂಶವಾಹಿಗಳನ್ನು ಅಳಿಸಿದಾಗಲೂ ಬ್ಯಾಕ್ಟೀರಿಯಾ ಗಿಡವನ್ನು ಅಷ್ಟಿಷ್ಟು ಕೊಳೆಸಿತು. ಹುಡುಕಿದಾಗ, ಪೆಟ್ರಿ ತಟ್ಟೆಯಲ್ಲಿ ಕಾಣಿಸಿಕೊಳ್ಳದೆ ಗಿಡದೊಳಗೆ ಮಾತ್ರ ತಯಾರಾಗುವ ಮತ್ತೊಂದು ಸಾಲು ಲಯೇಸ್‌ಗಳು ಸಿಕ್ಕವು. ತಟ್ಟೆಯ ಮೇಲಿನ ಫಲಿತಾಂಶವನ್ನಷ್ಟೇ ನಂಬಿ ತೀರ್ಮಾನಕ್ಕೆ ಬರುವವರಿಗೆ ಇದು ಎಚ್ಚರಿಕೆ.

ಲಯೇಸ್‌ಗಳಿಗೆ ಎರಡು ಕೊರತೆಗಳಿವೆ. ಮೊದಲನೆಯದು ಮೀಥೈಲ್ ಟೋಪಿ: ಹೆಚ್ಚು ಟೋಪಿ ಇರುವ ಸರಪಳಿಯ ಮೇಲೆ ಇವಕ್ಕೆ ಹಿಡಿತ ಸಿಗದು. ಆ ಕೆಲಸಕ್ಕೆ ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಮುಂಚೂಣಿಯಲ್ಲಿ ಹೋಗಿ ಟೋಪಿ ತೆಗೆಯುತ್ತದೆ, ಒಂದೊಂದು ಟೋಪಿಗೂ ಒಂದು ಮೆಥನಾಲ್ ಅಣು ಹೊರಬೀಳುತ್ತದೆ. ಸರಪಳಿಗೆ ಅಂಟಿರುವ ಅಸಿಟೈಲ್ ಎಂಬ ಇನ್ನೊಂದು ಬಗೆಯ ಗುಂಪುಗಳನ್ನು ಕಿತ್ತುಹಾಕಲು ಬೇರೆಯೇ ಎಸ್ಟರೇಸ್‌ಗಳಿವೆ. ಟೋಪಿ ಸಮೇತ ಕತ್ತರಿಸಬಲ್ಲ ಪೆಕ್ಟಿನ್ ಲಯೇಸ್ ಎಂಬ ಕಿಣ್ವವೂ ಇದೆ. ಪೆಕ್ಟೊಬ್ಯಾಕ್ಟೀರಿಯಂನಲ್ಲಿ ಅದು ಹೊರಬರುವುದು ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟುಬಿದ್ದಾಗ ಎಂಬುದು ಸೋಜಿಗದ ಸಂಗತಿ.

ಎರಡನೆಯ ಕೊರತೆ ಪಿಎಚ್. ಪೆಕ್ಟೇಟ್ ಲಯೇಸ್‌ಗಳು ಚುರುಕಾಗಿರುವುದು ಪಿಎಚ್ 8ರಿಂದ 9ರ ಸುಮಾರಿಗೆ. ಆರೋಗ್ಯವಂತ ಗಡ್ಡೆಯ ಕೋಶಗಳ ಸಂದಿಯ ರಸವೋ ಹುಳಿ, 6ರ ಆಸುಪಾಸು. ಹಾಗಾದರೆ ಆರಂಭ ಮಾಡುವವರು ಯಾರು? ಹುಳಿಯಲ್ಲೇ ಕೆಲಸ ಮಾಡುವ ಪಾಲಿಗ್ಯಾಲಕ್ಟ್ಯುರೊನೇಸ್. ಇದು ನೀರು ಸೇರಿಸಿ ಒಡೆಯುವ ಜಾತಿಯದು, ಕ್ಯಾಲ್ಸಿಯಂ ಬೇಡ. ಅಂಗಾಂಶ ಹಾಳಾಗುತ್ತ ಹೋದಂತೆ ಸುತ್ತಲಿನ ಪಿಎಚ್ ಏರಿ ಕ್ಷಾರೀಯವಾಗುತ್ತದೆ, ಆಗ ಲಯೇಸ್‌ಗಳ ಸರದಿ. ಮೊದಲ ದಿನ ಚುಕ್ಕೆಯಷ್ಟಿದ್ದ ಕೊಳೆ ಆಮೇಲೆ ನಾಗಾಲೋಟ ಹಿಡಿಯುವುದಕ್ಕೆ ಈ ಬದಲಾವಣೆ ಒಂದು ಕಾರಣ.

ಸೆಲ್ಯುಲೇಸ್ ಮತ್ತು ಪ್ರೋಟಿಯೇಸ್‌ಗಳೂ ಸುರಿಯುತ್ತವೆ. ಅವು ಪೋಷಕ ಪಾತ್ರಗಳು. ಶುದ್ಧೀಕರಿಸಿದ ಸೆಲ್ಯುಲೇಸ್ ಒಂದನ್ನೇ ಗಡ್ಡೆಯ ಹೋಳಿನ ಮೇಲೆ ಹಾಕಿದರೆ ಹೋಳು ಕರಗುವುದಿಲ್ಲ. ಪೆಕ್ಟೇಟ್ ಲಯೇಸ್ ಒಂದನ್ನೇ ಹಾಕಿದರೆ ಕರಗುತ್ತದೆ.

ಅಂಟು ಕರಗಿದರೆ ಕೋಶ ಸಾಯುವುದೇಕೆ

ಲಯೇಸ್ ಮುಟ್ಟುವುದು ಪೆಕ್ಟಿನ್ನನ್ನು ಮಾತ್ರ. ಕೋಶಪೊರೆಯಲ್ಲಿ ಪೆಕ್ಟಿನ್ ಇಲ್ಲ. ಆದರೂ ಶುದ್ಧ ಲಯೇಸ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಕೋಶಗಳಿಂದ ಲವಣಗಳು ಸೋರತೊಡಗುತ್ತವೆ, ಕೋಶ ಸಾಯುತ್ತದೆ. 1970ರ ದಶಕದಲ್ಲಿ ಇದಕ್ಕೊಂದು ಸರಳ ಪ್ರಯೋಗ ಉತ್ತರ ಕೊಟ್ಟಿತು. ಹೋಳನ್ನು ಮೊದಲು ಗಾಢ ದ್ರಾವಣದಲ್ಲಿ ನೆನೆಸಿದರೆ ಕೋಶದೊಳಗಿನ ನೀರು ಹೊರಬಂದು ಪೊರೆ ಭಿತ್ತಿಯಿಂದ ಕುಗ್ಗಿ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಅದೇ ಕಿಣ್ವ ಹಾಕಿದರೆ ಭಿತ್ತಿ ಕರಗಿದರೂ ಕೋಶ ಬದುಕಿರುತ್ತದೆ. ಅಂದರೆ ಕಿಣ್ವ ಪೊರೆಯನ್ನು ಕೊಲ್ಲುತ್ತಿಲ್ಲ. ಒಳಗಿನ ಒತ್ತಡವನ್ನು ತಡೆದಿದ್ದ ಗೋಡೆ ಸಡಿಲವಾಗಿ, ಪೊರೆ ತಾನಾಗಿ ಹಿಗ್ಗಿ ಒಡೆಯುತ್ತದೆ, ಹೊರಗಿನ ಟೈರ್ ಸವೆದಾಗ ಒಳಗಿನ ಟ್ಯೂಬ್ ಉಬ್ಬಿ ಸಿಡಿದ ಹಾಗೆ. ಒಡೆದ ಕೋಶದ ರಸವೇ ಬ್ಯಾಕ್ಟೀರಿಯಾಕ್ಕೆ ಊಟ. ಪಿಷ್ಟದ ಗೊಡವೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ನಾರುವ ವಾಸನೆಯ ಬಗ್ಗೆ ಒಂದು ಮಾತು. ಹೊಸದಾಗಿ ಮೆದುವಾದ ತಿರುಳಿಗೆ ಅಷ್ಟಾಗಿ ದುರ್ವಾಸನೆ ಇರುವುದಿಲ್ಲ. ಮೂಗು ಮುಚ್ಚಿಕೊಳ್ಳುವಂತಾಗುವುದು ಆಮೇಲೆ, ಆಮ್ಲಜನಕ ಇಲ್ಲದ ಆ ಲೋಳೆಗೆ ಕ್ಲಾಸ್ಟ್ರಿಡಿಯಂನಂಥ ಬೇರೆ ಬ್ಯಾಕ್ಟೀರಿಯಾ ನುಗ್ಗಿದ ಮೇಲೆ. ವಾಸನೆ ಬಂದಾಗ ಹುಡುಕಲು ಹೊರಟರೆ ತಡವಾಯಿತೆಂದೇ ಅರ್ಥ.

ಹೊರಗೆ ಸಾಗಿಸುವ ದಾರಿ

ಈ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿವೆ. ಕಿಣ್ವ ಒಳಗೆ ತಯಾರಾದರೆ ಸಾಲದು, ಎರಡನ್ನೂ ದಾಟಬೇಕು. ಪೆಕ್ಟಿನ್ ಕಿಣ್ವಗಳು ಮತ್ತು ಸೆಲ್ಯುಲೇಸ್ ಮೊದಲು ಒಳಪೊರೆ ದಾಟಿ, ನಡುವಿನ ಜಾಗದಲ್ಲಿ ಪೂರ್ತಿ ಮಡಚಿಕೊಂಡು, ಆಮೇಲೆ ‘ಔಟ್’ ಎಂಬ ಎರಡನೇ ಮಾದರಿಯ ಸ್ರವಣ ಯಂತ್ರದ ಮೂಲಕ ಹೊರಹೋಗುತ್ತವೆ. ಪ್ರೋಟಿಯೇಸ್‌ಗಳಿಗೆ ಬೇರೆ ನೇರ ಹಾದಿ ಇದೆ. ಔಟ್ ಯಂತ್ರ ಕೆಟ್ಟ ರೂಪಾಂತರಿ ಬ್ಯಾಕ್ಟೀರಿಯಾ ಲಯೇಸ್ ತಯಾರಿಸುತ್ತದೆ, ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಗಡ್ಡೆ ಕೊಳೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ರೋಗಕಾರಕವಲ್ಲದ ಇ. ಕೊಲೈಗೆ ಲಯೇಸ್ ವಂಶವಾಹಿಯನ್ನೂ ಔಟ್ ವಂಶವಾಹಿಗಳ ಗುಂಪನ್ನೂ ಸೇರಿಸಿದಾಗ ಅದೂ ಕಿಣ್ವವನ್ನು ಹೊರಸೂಸಿ ಆಲೂಗಡ್ಡೆಯನ್ನು ಮೆದುವಾಗಿಸಿತು.

ಕೀಲಿ ತಿರುಗುವುದು ಯಾವಾಗ

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಇಲ್ಲೇ. ಆರೋಗ್ಯವಾಗಿ ಕಾಣುವ ಬಿತ್ತನೆ ಗಡ್ಡೆಗಳಲ್ಲೂ ಈ ಬ್ಯಾಕ್ಟೀರಿಯಾ ಇರುತ್ತವೆ. ಸಿಪ್ಪೆಯ ಮೇಲಿನ ಉಸಿರುರಂಧ್ರಗಳಲ್ಲಿ, ಹಳೆಯ ಗಾಯಗಳಲ್ಲಿ, ಗಡ್ಡೆ ಬಳ್ಳಿಗೆ ಅಂಟಿದ್ದ ತುದಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತವೆ. ಆದ್ದರಿಂದ ಬ್ಯಾಕ್ಟೀರಿಯಾ ಇದೆಯೇ ಎಂಬ ಪ್ರಶ್ನೆಗಿಂತ ಅದು ಕಿಣ್ವ ಸುರಿಸಲು ಶುರುಮಾಡುವುದು ಯಾವಾಗ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಸುಮ್ಮನಿರುವಾಗ ಕೆಡಿಜಿಆರ್ ಎಂಬ ಪ್ರೋಟೀನು ಪೆಕ್ಟಿನ್ ಕಿಣ್ವಗಳ ವಂಶವಾಹಿಗಳ ಮೇಲೆ ಕೂತು ಅವನ್ನು ತಡೆದಿರುತ್ತದೆ. ತಡೆ ಪೂರ್ತಿ ಬಿಗಿಯಲ್ಲ. ಸಣ್ಣ ಪ್ರಮಾಣದಲ್ಲಿ ಲಯೇಸ್ ಸದಾ ಜಿನುಗುತ್ತಿರುತ್ತದೆ. ಅದು ಹತ್ತಿರದ ಪೆಕ್ಟಿನ್ನನ್ನು ಒಡೆದರೆ ಎರಡು ಮೂರು ಕೊಂಡಿಗಳ ಚೂರುಗಳು ಬ್ಯಾಕ್ಟೀರಿಯಾದೊಳಗೆ ಹೋಗುತ್ತವೆ. ಒಳಗೆ ಅವು ಹಂತಹಂತವಾಗಿ ಒಡೆದು 2-ಕೀಟೊ-3-ಡಿಆಕ್ಸಿಗ್ಲುಕೊನೇಟ್ ಎಂಬ ಅಣುವಾಗುತ್ತವೆ. ಈ ಅಣು ಕೆಡಿಜಿಆರ್‌ಗೆ ಅಂಟಿದೊಡನೆ ಅದು ಡಿಎನ್‌ಎ ಬಿಟ್ಟು ಎದ್ದುಹೋಗುತ್ತದೆ. ತಡೆ ತೆರವಾಯಿತು, ಲಯೇಸ್ ಹೆಚ್ಚಾಯಿತು, ಹೆಚ್ಚು ಪೆಕ್ಟಿನ್ ಒಡೆಯಿತು, ಇನ್ನಷ್ಟು ತಡೆ ತೆರವಾಯಿತು. ಮೊದಲು ಜಿನುಗಿದ ಹನಿಯೇ ಕೊನೆಗೆ ತೂಬು ಎತ್ತುತ್ತದೆ. ಗ್ಲೂಕೋಸ್ ಧಾರಾಳವಾಗಿ ಸಿಗುತ್ತಿದ್ದರೆ ಈ ಸುತ್ತು ನಿಧಾನ, ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಪೆಕ್ಟಿನ್‌ನ ಹಸಿವೇ ಇರುವುದಿಲ್ಲ. ಕಬ್ಬಿಣದ ಕೊರತೆ ಮತ್ತು ಆಮ್ಲಜನಕದ ಕೊರತೆ ಅದನ್ನು ಚುರುಕುಗೊಳಿಸುತ್ತವೆ.

ಪೆಕ್ಟೊಬ್ಯಾಕ್ಟೀರಿಯಂನಲ್ಲಿ ಇದರ ಮೇಲೆ ಇನ್ನೊಂದು ಬೀಗವಿದೆ: ತಲೆಯೆಣಿಕೆ. ಪ್ರತಿ ಕೋಶವೂ ಅಸೈಲ್ ಹೋಮೊಸೆರಿನ್ ಲ್ಯಾಕ್ಟೋನ್ ಎಂಬ ಸಣ್ಣ ಸಂಕೇತದ ಅಣುವನ್ನು ಹೊರಬಿಡುತ್ತದೆ. ಸಂಖ್ಯೆ ಕಡಿಮೆ ಇದ್ದಾಗ ಸಂಕೇತ ಚದುರಿಹೋಗುತ್ತದೆ. ಇಕ್ಕಟ್ಟಿನಲ್ಲಿ ಕೋಶಗಳು ದಟ್ಟವಾದಾಗ ಸಂಕೇತವೂ ದಟ್ಟವಾಗಿ, ಕಿಣ್ವ ತಯಾರಿಕೆಯನ್ನು ಅದುಮಿಟ್ಟಿದ್ದ ಆರ್‌ಎಸ್‌ಎಂಎ ಎಂಬ ಪ್ರೋಟೀನಿನ ಹಿಡಿತ ಸಡಿಲುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾಕ್ಕೆ ಲಾಭವಿದೆ. ಹತ್ತಾರು ಕೋಶಗಳು ಮಾತ್ರ ಇರುವಾಗ ಕಿಣ್ವ ಸುರಿಸಿದರೆ ಗಡ್ಡೆ ಕರಗುವಷ್ಟು ಸಾಲದು, ಆದರೆ ಗಿಡ ಎಚ್ಚರಗೊಳ್ಳುವಷ್ಟು ಸಾಕು.

ಗಿಡ ಎಚ್ಚರಗೊಳ್ಳುವುದೂ ಪೆಕ್ಟಿನ್ ಚೂರುಗಳಿಂದಲೇ. ಹತ್ತರಿಂದ ಹದಿನೈದು ಕೊಂಡಿಗಳ ತುಂಡುಗಳು ಕೋಶಕ್ಕೆ ತಗುಲಿದರೆ ಅದು ಗೋಡೆ ಮುರಿಯುತ್ತಿದೆ ಎಂದು ಅರ್ಥಮಾಡಿಕೊಂಡು ರಕ್ಷಣೆಗೆ ಇಳಿಯುತ್ತದೆ: ಫಿನಾಲಿಕ್ ವಸ್ತುಗಳು, ಗಾಯದ ಮೇಲೆ ಬೆಂಡಿನಂಥ ಸುಬೆರಿನ್ ಪದರ. ಕೊಯ್ದಾಗ ಕಾಣುವ ಕಂದು ಗೆರೆ ಈ ಹೋರಾಟದ್ದೇ ಗುರುತು. ಕತ್ತರಿಗಳು ವೇಗವಾಗಿದ್ದರೆ ತುಂಡುಗಳು ಎರಡು ಮೂರು ಕೊಂಡಿಗಳಿಗೆ ಇಳಿದು ಎಚ್ಚರಿಕೆಯ ಗಂಟೆ ನಿಂತೇಹೋಗುತ್ತದೆ.

ತಲೆಯೆಣಿಕೆಯ ಸಂಕೇತವನ್ನೇ ಕೆಡಿಸಿದರೆ? 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾದ, ಆ ಲ್ಯಾಕ್ಟೋನನ್ನು ಒಡೆಯುವ ಕಿಣ್ವದ ವಂಶವಾಹಿಯನ್ನು ಆಲೂಗಡ್ಡೆಗೆ ಸೇರಿಸಿದಾಗ ಗಿಡ ಮೃದು ಕೊಳೆಯನ್ನು ಚೆನ್ನಾಗಿ ತಡೆದುಕೊಂಡಿತು. ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕಿವುಡಾಗಿಸಿದ ಹಾಗೆ. ರೊಡೊಕಾಕಸ್‌ನಂಥ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಅದೇ ಕೆಲಸ ಮಾಡಿಸುವ ಯತ್ನಗಳೂ ನಡೆದಿವೆ. ಹೊಲದ ಮಟ್ಟದಲ್ಲಿ ನೆಚ್ಚಿಕೊಳ್ಳುವಂಥ ಔಷಧಿಯಾಗಿ ಇನ್ನೂ ನಿಂತಿಲ್ಲ.

ಕಣ್ಣಿಂದ ನೋಡಿ ಅಳೆಯುವುದು

ಪೆಕ್ಟಿನ್ ಕರಗಿಸುವ ಬ್ಯಾಕ್ಟೀರಿಯಾವನ್ನು ಹಿಡಿಯಲು ಹಳೆಯ, ಈಗಲೂ ಸೋಲದ ವಿಧಾನ ಕ್ರಿಸ್ಟಲ್ ವೈಲೆಟ್ ಪೆಕ್ಟೇಟ್ ಮಾಧ್ಯಮ. ಒಂದು ಲೀಟರಿಗೆ ಸುಮಾರು 18 ಗ್ರಾಂ ಸೋಡಿಯಂ ಪಾಲಿಪೆಕ್ಟೇಟ್, 5 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 2 ಗ್ರಾಂ ಸೋಡಿಯಂ ನೈಟ್ರೇಟ್, 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಜೊತೆಗೆ ಸ್ವಲ್ಪ ಅಗರ್ ಮತ್ತು ಚಿಟಿಕೆಗಿಂತ ಕಡಿಮೆ ಕ್ರಿಸ್ಟಲ್ ವೈಲೆಟ್. ಬಣ್ಣ ಇರುವುದು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳನ್ನು ತಡೆಯಲು. ಪೆಕ್ಟೇಟ್ ಮತ್ತು ಕ್ಯಾಲ್ಸಿಯಂ ಸೇರಿ ಹೆಪ್ಪುಗಟ್ಟುವುದು ಗಡ್ಡೆಯ ಮಧ್ಯಪದರದಲ್ಲಿ ನಡೆಯುವ ಅದೇ ಮೊಟ್ಟೆತಟ್ಟೆ ಜೋಡಣೆಯಿಂದ. ಹಾಗಾಗಿ ಲಯೇಸ್ ಸುರಿಸುವ ಬ್ಯಾಕ್ಟೀರಿಯಾ ಬೆಳೆದ ಕಡೆ 24ರಿಂದ 48 ಗಂಟೆಯಲ್ಲಿ ಹೆಪ್ಪು ಕರಗಿ, ವಸಾಹತು ತಾನೇ ತೋಡಿದ ಗುಂಡಿಯೊಳಕ್ಕೆ ಇಳಿದು ಕೂರುತ್ತದೆ. ತಟ್ಟೆಯನ್ನು ಓರೆಮಾಡಿ ಬೆಳಕಿಗೆ ಹಿಡಿದರೆ ಬಟ್ಟಲಿನಂಥ ಗುಳಿಗಳು ಸ್ಪಷ್ಟ.

ಇಲ್ಲಿ ಕೈಕೊಡುವ ಜಾಗಗಳು ಗೊತ್ತಿರಲಿ. ಪೆಕ್ಟೇಟ್ ಪುಡಿಯನ್ನು ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ, ಬಿಸಿನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಜೋರಾಗಿ ಕಲಕಬೇಕು. ಕ್ಯಾಲ್ಸಿಯಂ ಹೆಚ್ಚಾದರೆ ಹೆಪ್ಪು ಬಿಗಿಯಾಗಿ ಗುಂಡಿ ಬೀಳುವುದಿಲ್ಲ, ಕಡಿಮೆಯಾದರೆ ಹೆಪ್ಪೇ ಗಟ್ಟುವುದಿಲ್ಲ. ಸಿಟ್ರೇಟ್ ಒಂದಿಷ್ಟು ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಇವೆರಡರ ಪ್ರಮಾಣವನ್ನು ಒಟ್ಟಿಗೇ ನೋಡಬೇಕು. ತಟ್ಟೆಯ ಮೇಲ್ಮೈ ಒಣಗಿಸದೆ ಬ್ಯಾಕ್ಟೀರಿಯಾ ಸವರಿದರೆ ವಸಾಹತುಗಳು ಒಂದಕ್ಕೊಂದು ಹರಿದು ಸೇರಿ ಎಣಿಕೆ ಕೆಡುತ್ತದೆ. ಹಿಂದೆ 27, 33.5 ಮತ್ತು 37 ಡಿಗ್ರಿಗಳಲ್ಲಿ ಮೂರು ತಟ್ಟೆ ಇಟ್ಟು ಜಾತಿ ಗುರುತಿಸುವ ರೂಢಿಯಿತ್ತು: ಮೂರರಲ್ಲೂ ಗುಂಡಿ ಬಿದ್ದರೆ ಡಿಕೆಯಾ, ಮೊದಲೆರಡರಲ್ಲಿ ಮಾತ್ರವಾದರೆ ಕ್ಯಾರೊಟೊವೊರಂ, 27ರಲ್ಲಿ ಮಾತ್ರವಾದರೆ ಅಟ್ರೊಸೆಪ್ಟಿಕಂ. ಈಗ 37ರಲ್ಲೂ ಬೆಳೆಯುವ ಪೆಕ್ಟೊಬ್ಯಾಕ್ಟೀರಿಯಂ ಬ್ರೆಸಿಲಿಯೆನ್ಸೆಯಂಥವು ಇರುವುದರಿಂದ ಈ ಲೆಕ್ಕವನ್ನು ಪಿಸಿಆರ್ (ಡಿಎನ್‌ಎಯಿಂದ ಜಾತಿ ಗುರುತಿಸುವ ಪರೀಕ್ಷೆ) ಜೊತೆಗಲ್ಲದೆ ನಂಬಬಾರದು.

ಗಡ್ಡೆಯ ಹೋಳಿನ ಪರೀಕ್ಷೆ ಇನ್ನೂ ಸರಳ. ಸಿಪ್ಪೆಯನ್ನು ತೊಳೆದು, ಮೇಲ್ಮೈಯನ್ನು ಸೋಂಕುಮುಕ್ತ ಮಾಡಿ, 7-8 ಮಿಲಿಮೀಟರ್ ದಪ್ಪದ ಹೋಳು ಮಾಡಿ, ನಡುವೆ ಸಣ್ಣ ಗುಳಿ ತೋಡಿ ಪ್ರತಿ ಮಿಲಿಲೀಟರಿಗೆ 10 ಕೋಟಿ ಕೋಶಗಳಿರುವ ದ್ರವದ 10 ಮೈಕ್ರೊಲೀಟರ್ ಹಾಕಿ, ತೇವದ ಡಬ್ಬಿಯಲ್ಲಿ 25-28 ಡಿಗ್ರಿಯಲ್ಲಿಡಬೇಕು. ಮರುದಿನ ಮೆದುವಾದ ಭಾಗವನ್ನು ಕೆರೆದು ತೂಗಿದರೆ ಅಂಕಿ ಸಿಕ್ಕಿತು. ಬರೀ ನೀರು ಹಾಕಿದ ಹೋಳು ಪಕ್ಕದಲ್ಲಿ ಇರಲೇಬೇಕು. ಗಡ್ಡೆಯಲ್ಲಿ ಮೊದಲೇ ಅಡಗಿದ್ದ ಬ್ಯಾಕ್ಟೀರಿಯಾದಿಂದ ಆ ಹೋಳೂ ಕೊಳೆತರೆ ಇಡೀ ಪ್ರಯೋಗ ಬಿಸಾಡುವುದೇ.

ಕಿಣ್ವವನ್ನೇ ಅಳೆಯಬೇಕೆಂದರೆ ದ್ವಿಬಂಧದ ಗುಣವನ್ನು ಬಳಸಿಕೊಳ್ಳುತ್ತೇವೆ. ಪಿಎಚ್ ಏರುಪೇರಾಗದಂತೆ ಹಿಡಿದಿಡುವ 100 ಮಿಲಿಮೋಲಾರ್ ಟ್ರಿಸ್ ಬಫರ್, ಪಿಎಚ್ 8.5, ಶೇ 0.1 ಪಾಲಿಗ್ಯಾಲಕ್ಟ್ಯುರೊನೇಟ್, 0.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 37 ಡಿಗ್ರಿ. ಕಿಣ್ವ ಹಾಕಿ 230 ನ್ಯಾನೊಮೀಟರಿನಲ್ಲಿ ಹೀರಿಕೆ ಏರುವುದನ್ನು ನೋಡುವುದು. ಉತ್ಪನ್ನದ ಮೋಲಾರ್ ಹೀರಿಕೆ ಗುಣಾಂಕ 5200. ಒಂದು ಮಿಲಿಲೀಟರ್ ಮಿಶ್ರಣದಲ್ಲಿ ನಿಮಿಷಕ್ಕೆ 0.26 ಏರಿದರೆ, 0.26ನ್ನು 5200ರಿಂದ ಭಾಗಿಸಿ 50 ಮೈಕ್ರೊಮೋಲಾರ್, ಅಂದರೆ ನಿಮಿಷಕ್ಕೆ 0.05 ಮೈಕ್ರೊಮೋಲ್, ಅಂದರೆ 0.05 ಯೂನಿಟ್. ಹಾಕಿದ್ದು 10 ಮೈಕ್ರೊಲೀಟರ್ ಆಗಿದ್ದರೆ ಮೂಲ ದ್ರವದಲ್ಲಿ ಮಿಲಿಲೀಟರಿಗೆ 5 ಯೂನಿಟ್. ಸಾಮಾನ್ಯ ಗಾಜಿನ ಕ್ಯುವೆಟ್ (ಮಿಶ್ರಣ ಹಾಕುವ ಅಳತೆಯ ಕೊಳವೆ) ಈ ಬೆಳಕನ್ನೇ ನುಂಗುತ್ತದೆ, ಕ್ವಾರ್ಟ್ಜ್ ಬೇಕು. ಟ್ರಿಸ್ ಬದಲು ಫಾಸ್ಫೇಟ್ ಬಫರ್ ಬಳಸಿದರೆ ಕ್ಯಾಲ್ಸಿಯಂ ಗಸಿಯಾಗಿ ತಳಕ್ಕಿಳಿದು ಕಿಣ್ವ ಸತ್ತಂತೆ ಕಾಣುತ್ತದೆ. ನಿಜವಾಗಿಯೂ ಲಯೇಸೇ ಹೌದೇ ಎಂಬ ಅನುಮಾನಕ್ಕೆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಡಿಟಿಎ ಹಾಕಿ ನೋಡಿ. ಏರಿಕೆ ನಿಂತರೆ ಹೌದು.

ಕ್ಯಾಲ್ಸಿಯಂನ ಎರಡು ಮುಖ

ಲಯೇಸ್‌ಗೆ ಕ್ಯಾಲ್ಸಿಯಂ ಬೇಕು, ಹಾಗಿದ್ದೂ ಕ್ಯಾಲ್ಸಿಯಂ ಹೆಚ್ಚಿರುವ ಗಡ್ಡೆ ಕಡಿಮೆ ಕೊಳೆಯುತ್ತದೆ. ವಿರೋಧಾಭಾಸ ಮೇಲ್ನೋಟಕ್ಕೆ ಮಾತ್ರ. ಕಿಣ್ವಕ್ಕೆ ಬೇಕಾದದ್ದು ಮಿಲಿಮೋಲಾರ್‌ನ ಒಂದಂಶ, ಅದು ಎಂಥ ಬಡಕಲು ಗಡ್ಡೆಯಲ್ಲೂ ಸಿಗುತ್ತದೆ. ಅದಕ್ಕಿಂತ ಹೆಚ್ಚಿದ್ದೆಲ್ಲ ಸರಪಳಿಗಳನ್ನು ಬಿಗಿದು ಕಟ್ಟಿ ಕತ್ತರಿಗೆ ಸಂದಿ ಸಿಗದಂತೆ ಮಾಡುತ್ತದೆ. ಮೇಲಾಗಿ ಪೆಕ್ಟೊಬ್ಯಾಕ್ಟೀರಿಯಂ ಸುತ್ತಲಿನ ಕ್ಯಾಲ್ಸಿಯಂ ಮಟ್ಟವನ್ನು ಗ್ರಹಿಸುತ್ತದೆ; ಮಟ್ಟ ಹೆಚ್ಚಿದ್ದರೆ, ಆರಂಭದ ಕೆಲಸ ಮಾಡಬೇಕಾದ ಪಾಲಿಗ್ಯಾಲಕ್ಟ್ಯುರೊನೇಸ್‌ನ ತಯಾರಿಯನ್ನೇ ತಗ್ಗಿಸುತ್ತದೆ.

ಗಡ್ಡೆಗೆ ಕ್ಯಾಲ್ಸಿಯಂ ಮುಟ್ಟಿಸುವುದು ಮಾತ್ರ ಸುಲಭವಲ್ಲ. ಅದು ಗಿಡದಲ್ಲಿ ನೀರಿನ ಹಿಂದೆ ಹೋಗುತ್ತದೆ, ನೀರು ಎಲೆಯತ್ತ ಓಡುತ್ತದೆ. ಮಣ್ಣೊಳಗಿನ ಗಡ್ಡೆ ಆವಿ ಬಿಡುವುದು ಅಷ್ಟಕ್ಕಷ್ಟೇ. ಗಡ್ಡೆಗೆ ಕ್ಯಾಲ್ಸಿಯಂ ಬರುವುದು ಗಡ್ಡೆಯ ಮೇಲೆ ಮತ್ತು ಅದು ಹುಟ್ಟುವ ನೆಲಬಳ್ಳಿಯ ಮೇಲೆ ಇರುವ ಸಣ್ಣ ಬೇರುಗಳಿಂದ. ಆದ್ದರಿಂದ ಜಿಪ್ಸಂ ಆಗಲಿ ಕ್ಯಾಲ್ಸಿಯಂ ನೈಟ್ರೇಟ್ ಆಗಲಿ, ಗಡ್ಡೆ ಕಟ್ಟುವ ಏರಿಯ ಮಣ್ಣಿಗೇ, ಗಡ್ಡೆ ದಪ್ಪವಾಗುವ ಕಾಲಕ್ಕೆ ಸಿಗಬೇಕು. ಎಲೆಗೆ ಸಿಂಪಡಿಸಿದ್ದು ಕೆಳಗಿಳಿಯುವುದಿಲ್ಲ.

ನೀರಿನ ತೆಳು ಪೊರೆ

ಗಡ್ಡೆಯ ಮೈಮೇಲೆ ನೀರಿನ ಪೊರೆ ನಿಂತರೆ ಏನಾಗುತ್ತದೆ ಎಂಬುದನ್ನು ಈಗ ಕಿಣ್ವದ ಕಡೆಯಿಂದ ನೋಡಿ. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಉಸಿರಾಡುತ್ತಲೇ ಇರುವ ಗಡ್ಡೆ ಒಳಗಿನ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಆಗ ಸುಬೆರಿನ್ ಕಟ್ಟುವ ಕೆಲಸ ನಿಲ್ಲುತ್ತದೆ, ರಕ್ಷಣೆ ನಿಲ್ಲುತ್ತದೆ. ಆಮ್ಲಜನಕ ಇಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತದೆ, ಲಯೇಸ್ ಹೆಚ್ಚಿಸುತ್ತದೆ. ಉಸಿರುರಂಧ್ರಗಳು ನೀರುಂಡು ಬಿಳಿ ಚುಕ್ಕೆಗಳಾಗಿ ಉಬ್ಬಿ ತೆರೆದುಕೊಳ್ಳುವುದೂ ಇದೇ ಹೊತ್ತಿಗೆ. ಜೌಗು ನಿಂತ ಹೊಲ, ಬೆವೆತ ದಾಸ್ತಾನು, ಒದ್ದೆ ಚೀಲ, ಎಲ್ಲ ಕಡೆಯೂ ನಡೆಯುವುದು ಇದೊಂದೇ.

ಬ್ಯಾಕ್ಟೀರಿಯಾ ಒಳಹೊಕ್ಕ ಮೇಲೆ ಗಡ್ಡೆಯನ್ನು ಗುಣಪಡಿಸುವ ಔಷಧಿ ಇಲ್ಲ. ಹಾಗಾಗಿ ಮಾಡುವುದೆಲ್ಲ ತೂಬು ತೆರೆಯದಂತೆ ನೋಡಿಕೊಳ್ಳುವ ಕೆಲಸ. ತಿರುಳಿನ ಉಷ್ಣತೆ 20 ಡಿಗ್ರಿ ಮೀರಿರುವಾಗ ಕೀಳದಿರುವುದು ಒಳ್ಳೆಯದು. ಸಿಪ್ಪೆ ಬಲಿತಿರಬೇಕು. ಕಿತ್ತ ಗಡ್ಡೆಯನ್ನು 12-15 ಡಿಗ್ರಿ, ಶೇ 90-95 ತೇವಾಂಶದಲ್ಲಿ ಹತ್ತು ಹದಿನಾಲ್ಕು ದಿನ ಗಾಳಿಯಾಡುವಂತೆ ಇಟ್ಟರೆ ಗಾಯ ಮಾಗಿ ಸುಬೆರಿನ್ ಕಟ್ಟುತ್ತದೆ. ಆದರೆ ರಾಶಿಯಲ್ಲಿ ಆಗಲೇ ಒದ್ದೆ ಕೊಳೆ ಕಾಣಿಸಿದ್ದರೆ ಈ ಲೆಕ್ಕ ತಲೆಕೆಳಗು: ಮಾಗಿಸುವುದನ್ನು ಮೊಟಕುಗೊಳಿಸಿ, ಒಣಗಾಳಿ ಹಾಯಿಸಿ, ಬೇಗ ತಂಪುಮಾಡುವುದೇ ಲೇಸು. ಸ್ವಲ್ಪ ತೂಕ ಕಳೆದುಕೊಳ್ಳುವುದು ಇಡೀ ರಾಶಿ ಕಳೆದುಕೊಳ್ಳುವುದಕ್ಕಿಂತ ಮೇಲು. ತಂಪಿನಿಂದ ತೆಗೆದ ಗಡ್ಡೆ ಬಿಸಿ ಗಾಳಿಗೆ ಬಂದೊಡನೆ ಬೆವರುತ್ತದೆ, ಅದನ್ನು ನಿಧಾನವಾಗಿ ಬೆಚ್ಚಗಾಗಿಸಿ ಆಮೇಲೆ ಮುಟ್ಟಬೇಕು.

ತೊಳೆಯುವಲ್ಲಿ ಆಗುವ ತಪ್ಪು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೆಚ್ಚಗಿರುವ ಗಡ್ಡೆಯನ್ನು ತಣ್ಣನೆ ನೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರುರಂಧ್ರಗಳ ಮೂಲಕ ನೀರು ಒಳಗೆ ಎಳೆಯಲ್ಪಡುತ್ತದೆ, ನೀರಿನ ಜೊತೆ ಬ್ಯಾಕ್ಟೀರಿಯಾವೂ. ಆಳದ ತೊಟ್ಟಿಯಾದರೆ ನೀರಿನ ಒತ್ತಡವೂ ಸೇರಿಕೊಳ್ಳುತ್ತದೆ. ನೀರು ತಿರುಳಿಗಿಂತ ತಣ್ಣಗಿರಬಾರದು. ತೊಟ್ಟಿಗೆ ಕ್ಲೋರಿನ್ ಹಾಕಿದರೆ ನೀರಿನಲ್ಲಿ ತೇಲುವ ಕೋಶಗಳು ಸಾಯುತ್ತವೆ, ಅದೂ ಮಣ್ಣು ಮತ್ತು ಕೊಳೆತ ರಸ ಕ್ಲೋರಿನ್ನನ್ನು ತಿಂದುಹಾಕುವವರೆಗೆ ಮಾತ್ರ. ರಂಧ್ರದೊಳಕ್ಕೆ ಸೇರಿದ್ದಕ್ಕೆ ಅದು ತಗುಲುವುದೇ ಇಲ್ಲ. ತೊಳೆದ ಗಡ್ಡೆ ಪೂರ್ತಿ ಒಣಗುವ ಮೊದಲೇ ರಂಧ್ರವಿಲ್ಲದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ ತೇವ, ಶಾಖ, ಆಮ್ಲಜನಕದ ಕೊರತೆ ಮೂರೂ ಒಂದೇ ಕಡೆ ಸೇರಿ, ಚೀಲದ ತಳದಲ್ಲಿ ಒಂದೆರಡು ದಿನಕ್ಕೇ ಲೋಳೆ ಕಾಣಿಸಿಕೊಳ್ಳುತ್ತದೆ.